ಮೌನದ ಪಾಲು

(ಸಂಘದ ಮಾಸಿಕ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮೌನವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಬೇಕು ಎಂದು ನಮ್ಮ ಕಾರ್ಯದರ್ಶಿಗಳು ಕೇಳಿಕೊಂಡಾಗ ನನಗೆ ಮೊದಲು ನಗು ಬಂದಿತು. ಈ ವಿಷಯಕ್ಕೆ ನಿಜವಾಗಿ ನ್ಯಾಯ ಸಲ್ಲಿಸಬೇಕಾದರೆ ವೇದಿಕೆ ಹತ್ತಿ, ಕೈಮುಗಿದು, ಏನೂ ಹೇಳದೆ ಇಳಿದು ಹೋಗಬೇಕು. ಹಾಗೆ ಮಾಡಿದ್ದರೆ ನೀವು ಅದನ್ನು ಏನೆಂದು ತಿಳಿಯುತ್ತಿದ್ದಿರಿ? ಒಬ್ಬರು ‘ಎಂಥ ವಿನಯ’ ಎನ್ನುತ್ತಿದ್ದರು. ಇನ್ನೊಬ್ಬರು ‘ಎಂಥ ಸೊಕ್ಕು’ ಎನ್ನುತ್ತಿದ್ದರು. ಮೂರನೆಯವರು ‘ಪಾಪ, ತಯಾರಿ ಮಾಡಿಕೊಂಡು ಬಂದಿಲ್ಲ’ ಎನ್ನುತ್ತಿದ್ದರು. ಮೂವರ ಮುಂದೆ ಇದ್ದದ್ದು ಒಂದೇ ಮೌನ. ಮೂವರು ಓದಿಕೊಂಡದ್ದು ಮೂರು ಅರ್ಥ. ಇಂದಿನ ವಿಷಯದ ತೊಡಕೆಲ್ಲ ಇಲ್ಲಿಯೇ ಇದೆ.

ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಲೆಕ್ಕಪತ್ರದ ಕೆಲಸಕ್ಕೆ ಸೇರಿದವನು. ಸಾಹಿತ್ಯ ನನಗೆ ಸಂಜೆಯ ಹವ್ಯಾಸವಾಗಿ ಉಳಿಯಿತು. ಆದ್ದರಿಂದ ವಿದ್ವಾಂಸರ ಅಧಿಕಾರದಿಂದ ನಾನು ಮಾತನಾಡಲಾರೆ. ಒಬ್ಬ ಓದುಗನಾಗಿ, ಒಬ್ಬ ನೌಕರನಾಗಿ, ಪರಸ್ಥಳದಲ್ಲಿ ಸಂಸಾರ ಮಾಡಿದ ಒಬ್ಬ ಕನ್ನಡಿಗನಾಗಿ ನನಗೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೌನದ ಬಗ್ಗೆ ನಮ್ಮಲ್ಲಿ ಗಾದೆಗಳಿಗೆ ಬರವಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತೇವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಇವೆರಡೂ ವಿವೇಕದ ಮಾತುಗಳು. ಮೂರನೆಯದೊಂದು ಇದೆ: ಮೌನಂ ಸಮ್ಮತಿ ಲಕ್ಷಣಂ. ಇದು ಉಳಿದೆರಡಕ್ಕಿಂತ ಭಿನ್ನವಾದದ್ದು. ಮೊದಲೆರಡು ಗಾದೆಗಳು ನಾವು ಹೇಗೆ ಇರಬೇಕೆಂದು ಹೇಳಿದರೆ, ಮೂರನೆಯದು ಇನ್ನೊಬ್ಬರ ಮೌನವನ್ನು ನಾವು ಹೇಗೆ ಓದಬೇಕೆಂದು ಹೇಳುತ್ತದೆ. ಓದುವವನಿಗೆ ಅದು ಬಹಳ ಅನುಕೂಲವಾದ ಗಾದೆ. ಮದುವೆಯ ಮಾತುಕತೆಯಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗಿಯಿಂದ ಹಿಡಿದು, ಆಸ್ತಿಯ ಪಾಲಿನ ದಿನ ಬಾಗಿಲ ಮರೆಯಲ್ಲಿ ನಿಂತ ವಿಧವೆ ಅತ್ತೆಯವರೆಗೆ ಎಷ್ಟೋ ಜನರ ಒಪ್ಪಿಗೆಯನ್ನು ನಾವು ಈ ಗಾದೆಯ ಬಲದಿಂದಲೇ ಪಡೆದುಕೊಂಡಿದ್ದೇವೆ.

ನನ್ನ ಮುಖ್ಯ ಮಾತು ಇಷ್ಟೇ: ಮೌನದ ಅರ್ಥವನ್ನು ಕೇಳುವ ಮೊದಲು, ಸುಮ್ಮನಿದ್ದವರು ಯಾರು, ಅವರು ಬಾಯಿ ತೆರೆದಿದ್ದರೆ ಕೇಳುವವರು ಇದ್ದರೇ ಎಂಬುದನ್ನು ಕೇಳಬೇಕು. ಮಾತನಾಡಬಲ್ಲವನ ಮೌನವೂ, ಮಾತನಾಡಿದರೂ ಕೇಳುವವರಿಲ್ಲದವಳ ಮೌನವೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ.

ಮೊದಲು ಸಭೆಯ ಮೌನವನ್ನು ನೋಡೋಣ. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಇದೇ ಪುಣೆಯಲ್ಲಿ, 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವಿದೆ. ಅಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಪೂರ್ಣಗೊಂಡ ಮಹಾಭಾರತದ ಪರಿಷ್ಕರಣದ ಕೆಲಸ ನಮ್ಮ ದೇಶದ ವಿದ್ವತ್ತಿನ ದೊಡ್ಡ ಸಾಧನೆಗಳಲ್ಲೊಂದು. ದೇಶದ ನಾನಾ ಭಾಗಗಳಿಂದ ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಸಂಗ್ರಹಿಸಿ, ಹೋಲಿಸಿ, ಎಲ್ಲದರ ಹಿಂದಿರುವ ಹಳೆಯ ಪಾಠ ಯಾವುದಿರಬಹುದು ಎಂದು ಶೋಧಿಸಿದರು. ವಿಷ್ಣು ಸುಕ್ಥಣಕರರು 1925ರಿಂದ 1943ರಲ್ಲಿ ತೀರಿಕೊಳ್ಳುವವರೆಗೆ ಅದರ ಪ್ರಧಾನ ಸಂಪಾದಕರಾಗಿದ್ದರು. ಸಭಾಪರ್ವವನ್ನು ಸಂಪಾದಿಸಿದವರು ಅಮೆರಿಕದ ಸಂಸ್ಕೃತ ವಿದ್ವಾಂಸರಾದ ಫ್ರಾಂಕ್ಲಿನ್ ಎಡ್ಜರ್ಟನ್.

ನಾನು ಹುಟ್ಟಿ ಬೆಳೆದದ್ದು ಗದಗಿನ ಸೀಮೆಯಲ್ಲಿ, ಕುಮಾರವ್ಯಾಸನ ನೆಲದಲ್ಲಿ. ದ್ರೌಪದಿಯ ಕಥೆಯನ್ನು ನಾನು ಮೊದಲು ಓದಿದ್ದಲ್ಲ, ಕೇಳಿದ್ದು. ನಮ್ಮೂರಿನ ಗುಡಿಯಲ್ಲಿ ಶ್ರಾವಣದ ರಾತ್ರಿ ಭಾರತ ಓದುವಾಗ, ಸೀರೆಯ ಪ್ರಸಂಗ ಬಂದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಕೃಷ್ಣನನ್ನು ಕೂಗಿದೊಡನೆ ಎಲ್ಲರ ಎದೆಯೂ ಹಗುರಾಗುತ್ತಿತ್ತು. ಮುಂದೆ ಪುಣೆಗೆ ಬಂದು ಪರಿಷ್ಕೃತ ಪಾಠದಲ್ಲಿ ಆ ಭಾಗವನ್ನು ನೋಡಿದಾಗ ನಾನು ಬೆರಗಾದೆ. ದ್ರೌಪದಿ ಕೃಷ್ಣನನ್ನು ಕರೆಯುವ ಪ್ರಾರ್ಥನೆ ಅಲ್ಲಿ ಮೂಲಪಾಠದಲ್ಲಿಲ್ಲ. ನಂತರ ಸೇರಿದ ಭಾಗವೆಂದು ಅದನ್ನು ಹೊರಗಿಟ್ಟಿದ್ದಾರೆ. ವಸ್ತ್ರ ಅಕ್ಷಯವಾಗುತ್ತದೆ, ಯಾರು ಕೊಟ್ಟರೆಂದು ಪಾಠ ಹೇಳುವುದಿಲ್ಲ.

ಭಕ್ತರಿಗೆ ಇದು ನೋವಿನ ಸಂಗತಿಯಾಗಬಹುದು. ನನಗೂ ಮೊದಲು ಹಾಗೆಯೇ ಅನಿಸಿತು. ಆದರೆ ಎರಡನೆಯ ಸಲ ಓದಿದಾಗ ಇನ್ನೊಂದು ವಿಷಯ ಹೊಳೆಯಿತು. ದೇವರು ಬಂದು ಕಾಪಾಡಿದ ಸಂತೋಷದಲ್ಲಿ ನಮ್ಮ ಕಣ್ಣು ಆ ಸಭೆಯ ಮೇಲಿಂದ ಸರಿದುಬಿಡುತ್ತದೆ. ಕೃಷ್ಣನ ಹೆಸರು ಇಲ್ಲದ ಪಾಠದಲ್ಲಿ ಕಣ್ಣು ಸರಿಯಲು ಬೇರೆ ಎಡೆಯೇ ಇಲ್ಲ. ಅಲ್ಲಿ ಉಳಿಯುವುದು ಒಂದು ಪ್ರಶ್ನೆ ಮತ್ತು ಅದನ್ನು ಕೇಳಿಸಿಕೊಂಡು ಕುಳಿತ ಒಂದು ಸಭೆ. ಧರ್ಮರಾಜ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಅವಳು ಕೇಳಿದಳು. ಅದು ಲೆಕ್ಕದ ಪ್ರಶ್ನೆ, ನ್ಯಾಯದ ಪ್ರಶ್ನೆ, ಕಣ್ಣೀರಿನ ಪ್ರಶ್ನೆಯಲ್ಲ. ಭೀಷ್ಮ ಧರ್ಮ ಸೂಕ್ಷ್ಮವಾದುದು ಎಂದು ನುಣುಚಿಕೊಂಡ. ನೇರವಾಗಿ ಬಾಯಿಬಿಟ್ಟವನು ದುರ್ಯೋಧನನ ತಮ್ಮಂದಿರಲ್ಲೊಬ್ಬನಾದ ವಿಕರ್ಣ. ಅವನನ್ನು ಕರ್ಣ ಹುಡುಗನೆಂದು ಜರೆದು ಕೂರಿಸಿದ.

ಆಗ ವಿದುರ ಒಂದು ಹಳೆಯ ಕಥೆ ಹೇಳುತ್ತಾನೆ. ಪ್ರಹ್ಲಾದನ ಮಗ ವಿರೋಚನನಿಗೂ ಸುಧನ್ವನೆಂಬ ಬ್ರಾಹ್ಮಣನಿಗೂ ಯಾರು ಹೆಚ್ಚು ಎಂದು ವಾದ ಹುಟ್ಟಿ, ತೀರ್ಪಿಗಾಗಿ ಅವರು ಪ್ರಹ್ಲಾದನ ಬಳಿಗೇ ಬರುತ್ತಾರೆ. ಮಗನ ವಿರುದ್ಧ ಹೇಳಬೇಕಾದೀತೆಂದು ತಂದೆ ಸುಮ್ಮನಾಗುತ್ತಾನೆ. ಉತ್ತರ ಬಲ್ಲವನು ಹೇಳದೆ ಉಳಿದರೆ ಏನಾಗುತ್ತದೆ ಎಂದು ಅವನು ಕಶ್ಯಪನನ್ನು ಕೇಳುತ್ತಾನೆ. ಕಶ್ಯಪ ಕೊಡುವ ಉತ್ತರ ಒಂದು ಪಾಲುಪಟ್ಟಿಯ ಹಾಗಿದೆ. ನಿಂದಿಸಬೇಕಾದುದನ್ನು ಸಭೆ ನಿಂದಿಸದಿದ್ದರೆ ಪಾಪದ ಅರ್ಧ ಸಭೆಯ ಹಿರಿಯನಿಗೆ; ಕಾಲು ಭಾಗ ಮಾಡಿದವನಿಗೆ; ಉಳಿದ ಕಾಲು ಭಾಗ ಸುಮ್ಮನೆ ಕುಳಿತ ಸಭಾಸದರಿಗೆ. ನಿಂದಿಸಿದರೆ ಹಿರಿಯನೂ ಸಭಾಸದರೂ ಬಿಡುಗಡೆ ಹೊಂದುತ್ತಾರೆ. ಪಾಪವೆಲ್ಲ ಮಾಡಿದವನೊಬ್ಬನಿಗೇ ಸೇರುತ್ತದೆ.

ಲೆಕ್ಕದವನಾದ ನನಗೆ ಈ ಪಾಲುಪಟ್ಟಿ ನಿದ್ದೆಗೆಡಿಸಿತು. ಮಾಡಿದವನಿಗೆ ಕಾಲು, ನೋಡಿದವರಿಗೂ ಕಾಲು! ಕುರ್ಚಿಯಲ್ಲಿ ಕುಳಿತವನಿಗೆ ಇಬ್ಬರದೂ ಸೇರಿದಷ್ಟು! ಮೌನಂ ಸಮ್ಮತಿ ಲಕ್ಷಣಂ ಎಂಬ ಗಾದೆ ಅನ್ವಯಿಸುವ ಜಾಗ ಇದು. ಭೀಷ್ಮನ ಮೌನ ಸಮ್ಮತಿಯೇ. ಅವನು ಮಾತನಾಡಿದ್ದರೆ ಸಭೆ ಕೇಳುತ್ತಿತ್ತು.

ನಿದ್ದೆಗೆಡಿಸಿದ ಕಾರಣವನ್ನೂ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬೇರೊಂದು ಊರು, ಬೇರೊಂದು ಕಚೇರಿ, ಹೆಸರು ಬೇಡ. ಮಾರ್ಚ್ 31ರೊಳಗೆ ಖರ್ಚಾಗಬೇಕಿದ್ದ ಒಂದು ಅನುದಾನ, ಬಿಲ್ಲು ಸಕಾಲಕ್ಕೆ ಪಾಸಾಗದೆ ರದ್ದಾಯಿತು. ಏಪ್ರಿಲ್‌ನಲ್ಲಿ ವಿಚಾರಣೆಯ ಸಭೆ ಕರೆದರು. ಫೈಲನ್ನು ತಡವಾಗಿ ಮಂಡಿಸಿದನೆಂದು ಒಬ್ಬ ಗುಮಾಸ್ತನ ಮೇಲೆ ಹೊಣೆ ಹೊರಿಸಲಾಯಿತು. ಫೈಲು ತಡವಾದದ್ದು ಅವನ ಮೇಜಿನ ಮೇಲಲ್ಲ. ಅದು ಮೂರು ವಾರ ಎಲ್ಲಿ ಕುಳಿತಿತ್ತು ಎಂಬುದು ನನಗೆ ಗೊತ್ತಿತ್ತು. ಫೈಲುಗಳು ಎಂದು ಯಾರ ಕೈಗೆ ಹೋದವೆಂದು ಬರೆಯುವ ರಿಜಿಸ್ಟರು ನನ್ನ ವಿಭಾಗದಲ್ಲಿಯೇ ಇತ್ತು. ಮೇಲಧಿಕಾರಿಗಳು ಎಲ್ಲರ ಮುಖ ನೋಡಿ, ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ?’ ಎಂದು ಕೇಳಿದರು. ಗೋಡೆಯ ಮೇಲಿನ ಗಡಿಯಾರದ ಸದ್ದು ಕೇಳುತ್ತಿತ್ತು. ಆ ವರ್ಷ ನನ್ನ ಬಡ್ತಿಯ ವಿಷಯ ಪರಿಶೀಲನೆಯಲ್ಲಿತ್ತು. ನಾನು ನನ್ನ ಮುಂದಿದ್ದ ಚಹಾದ ಬಟ್ಟಲನ್ನು ನೋಡುತ್ತ ಕುಳಿತೆ. ಸಭೆಯ ನಡಾವಳಿಯಲ್ಲಿ ‘ಸರ್ವಾನುಮತದಿಂದ’ ಎಂಬ ಪದ ಸೇರಿತು. ಆ ಸರ್ವರಲ್ಲಿ ನಾನೂ ಒಬ್ಬ.

ಗುಮಾಸ್ತನ ವಾರ್ಷಿಕ ವೇತನಬಡ್ತಿಯನ್ನು ಎರಡು ವರ್ಷ ತಡೆಹಿಡಿದರು. ಅವನಿಗೆ ರಿಜಿಸ್ಟರಿನ ವಿಷಯ ತಿಳಿದಿತ್ತೆಂದೇ ನನ್ನ ನಂಬಿಕೆ. ಆದರೂ ಅವನು ನನ್ನನ್ನು ಏನೂ ಕೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಮೊದಲಿನಂತೆಯೇ ‘ನಮಸ್ಕಾರ ಸರ್’ ಎನ್ನುತ್ತಿದ್ದ. ನನಗೆ ಬಡ್ತಿ ಸಿಕ್ಕಿತು, ವರ್ಗವಾಯಿತು. ಕೆಲವು ವರ್ಷಗಳ ಹಿಂದೆ ಅವನಿಗೊಂದು ಪತ್ರ ಬರೆದು ನನ್ನ ತಪ್ಪನ್ನು ಒಪ್ಪಿಕೊಂಡೆ. ಉತ್ತರ ಬರಲಿಲ್ಲ. ಆ ಮೌನವನ್ನು ನಾನು ಕ್ಷಮೆಯೆಂದು ಓದಲಾರೆ, ಕೋಪವೆಂದೂ ಓದಲಾರೆ. ಅದು ಅವನದು. ಅದಕ್ಕೆ ಅರ್ಥ ಹಚ್ಚುವ ಹಕ್ಕನ್ನು ನಾನು ಆ ಏಪ್ರಿಲ್ ತಿಂಗಳಲ್ಲಿಯೇ ಕಳೆದುಕೊಂಡೆ.

ಇಷ್ಟು ಹೊತ್ತು ಹೇಳಿದ್ದು ಮಾತನಾಡಬಲ್ಲವರ ಮೌನ. ಇನ್ನು ಎರಡನೆಯ ಬಗೆಗೆ ಬರೋಣ. ಬಾಯಿ ಇದ್ದೂ, ಮಾತಿದ್ದೂ, ಕೇಳುವವರಿಲ್ಲದವರ ಮೌನ ಇದು. ನಮ್ಮ ಕಥನಸಾಹಿತ್ಯ ಮತ್ತು ನಾಟಕಗಳು ಇದನ್ನು ಶಾಸ್ತ್ರಗ್ರಂಥಗಳಿಗಿಂತ ಚೆನ್ನಾಗಿ ಅರಿತಿವೆ.

ನಾವಿರುವುದು ಮಹಾರಾಷ್ಟ್ರದಲ್ಲಿ, ಆದ್ದರಿಂದ ಮೊದಲು ಒಂದು ಮರಾಠಿ ನಾಟಕವನ್ನು ನೆನೆಯುತ್ತೇನೆ. ವಿಜಯ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ 1967ರಲ್ಲಿ ರಂಗಕ್ಕೆ ಬಂದಿತು. ಶೀರ್ಷಿಕೆಯಲ್ಲಿಯೇ ಮೌನವಿದೆ, ಆದರೆ ಅದು ಆಜ್ಞೆಯ ರೂಪದಲ್ಲಿದೆ. ಹಳ್ಳಿಯೊಂದಕ್ಕೆ ಬಂದ ಹವ್ಯಾಸಿ ನಾಟಕತಂಡವೊಂದು ಹೊತ್ತು ಕಳೆಯಲು ಸುಳ್ಳುಮೊಕದ್ದಮೆಯ ಆಟ ಹೂಡುತ್ತದೆ. ಶಾಲೆಯ ಶಿಕ್ಷಕಿ ಲೀಲಾ ಬೇಣಾರೆ ಆರೋಪಿ. ಭ್ರೂಣಹತ್ಯೆಯ ಆರೋಪ ಆಟದಲ್ಲಿ ಹುಟ್ಟಿ, ನೋಡನೋಡುತ್ತ ಅವಳ ನಿಜಜೀವನದ ಗುಟ್ಟನ್ನು ಎಳೆದು ಹಾಕುತ್ತದೆ. ನಾಟಕದ ಆರಂಭದಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದವಳು ಬರಬರುತ್ತ ಮೂಕಿಯಾಗುತ್ತಾಳೆ. ಕೊನೆಗೆ ಅವಳಿಗೆ ಹೇಳಿಕೆ ನೀಡಲು ಕೊಡುವ ಅವಕಾಶ ಕೆಲವೇ ಕ್ಷಣಗಳದು. ಆಗ ಉಳಿದವರೆಲ್ಲ ನಿಂತಲ್ಲಿಯೇ ಸ್ತಬ್ಧರಾಗುತ್ತಾರೆ. ಅವಳು ತನ್ನ ಬಾಳಿನ ಕಥೆಯನ್ನೆಲ್ಲ ಹೇಳುತ್ತಾಳೆ. ಕೇಳುವವರು ಪ್ರೇಕ್ಷಕರಾದ ನಾವು ಮಾತ್ರ. ವೇದಿಕೆಯ ಮೇಲಿನ ಲೋಕದ ಮಟ್ಟಿಗೆ ಅವಳು ಏನನ್ನೂ ಹೇಳಲಿಲ್ಲ. ಅವಳ ಪ್ರಿಯಕರನಾಗಿದ್ದ ಪ್ರಾಧ್ಯಾಪಕ ದಾಮಲೆ ನಾಟಕದುದ್ದಕ್ಕೂ ರಂಗದ ಮೇಲೆ ಬರುವುದೇ ಇಲ್ಲ. ಹೊಣೆಗಾರನ ಮೌನ ಹೀಗೆ ಅನುಪಸ್ಥಿತಿಯಾಗಿ ಬಚಾವಾಗುತ್ತದೆ. ಆರೋಪಿಯ ಮೌನ ತಪ್ಪೊಪ್ಪಿಗೆಯೆಂದು ದಾಖಲಾಗುತ್ತದೆ.

ಅದಕ್ಕೆ ಎರಡು ವರ್ಷ ಮೊದಲು, 1965ರಲ್ಲಿ, ಕನ್ನಡದಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾಗಿತ್ತು. ಆ ಕಾದಂಬರಿಯ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಪ್ರಾಣೇಶಾಚಾರ್ಯರ ದ್ವಂದ್ವದ ಬಗ್ಗೆ, ಬ್ರಾಹ್ಮಣ್ಯದ ಬಗ್ಗೆ, ಅಸ್ತಿತ್ವವಾದದ ಬಗ್ಗೆ ನಾವು ವಿದ್ಯಾರ್ಥಿಗಳಾಗಿದ್ದಾಗ ಪುಟಗಟ್ಟಲೆ ಬರೆದೆವು. ಚಂದ್ರಿಯ ಮೌನದ ಬಗ್ಗೆ ನಾನಂತೂ ಒಂದು ಸಾಲನ್ನೂ ಬರೆದ ನೆನಪಿಲ್ಲ.

ನಾರಣಪ್ಪ ಸತ್ತಿದ್ದಾನೆ, ಹೆಣ ಮನೆಯಲ್ಲಿದೆ, ಸಂಸ್ಕಾರ ಯಾರು ಮಾಡಬೇಕು ಎಂಬುದೇ ಅಗ್ರಹಾರದ ಸಮಸ್ಯೆ. ಕಾದಂಬರಿಯ ತುಂಬ ಮಾತೇ ಮಾತು. ಆಚಾರ್ಯರು ಶಾಸ್ತ್ರಗ್ರಂಥಗಳಲ್ಲಿ ಹುಡುಕುತ್ತಾರೆ. ಮಾರುತಿಯ ಪ್ರಸಾದ ಕೇಳುತ್ತಾರೆ, ದೇವರೂ ಮೌನ. ಬ್ರಾಹ್ಮಣರು ಊರಿಂದೂರಿಗೆ ಅಲೆದು ವಿಚಾರಿಸುತ್ತಾರೆ. ಈ ಗದ್ದಲದ ನಡುವೆ, ಯಾವ ಶಾಸ್ತ್ರವನ್ನೂ ಓದದ ಚಂದ್ರಿ, ರಾತ್ರಿಯ ಹೊತ್ತಿನಲ್ಲಿ ಒಬ್ಬ ಸಾಬರ ಗಾಡಿಯವನ ನೆರವಿನಿಂದ ಹೆಣವನ್ನು ಸುಡಿಸಿ, ಯಾರಿಗೂ ಹೇಳದೆ ಊರುಬಿಟ್ಟು ಹೋಗುತ್ತಾಳೆ. ಮರುದಿನವೂ ಮುಂದೆಯೂ ಬ್ರಾಹ್ಮಣರು ಅಲ್ಲಿ ಇಲ್ಲದ ಹೆಣದ ಬಗ್ಗೆ ಚರ್ಚಿಸುತ್ತಲೇ ಇರುತ್ತಾರೆ! ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಕಟುವಾದ ವ್ಯಂಗ್ಯ ನನಗೆ ಕಂಡಿಲ್ಲ. ಸಮಸ್ಯೆ ಬಗೆಹರಿದು ಬೂದಿಯಾಗಿದೆ; ಬಗೆಹರಿಸಿದವಳು ಆ ಮಾತನ್ನು ಯಾರಿಗೂ ತಿಳಿಸಿಲ್ಲ; ತಿಳಿಸಿದ್ದರೆ ಅವಳ ಮಾತಿಗೆ ಆ ಸಭೆಯಲ್ಲಿ ಬೆಲೆಯೂ ಇರಲಿಲ್ಲ. ಆಚಾರ್ಯರ ಮೇಲೆ ಆಪಾದನೆ ಬರಬಾರದೆಂಬ ಕನಿಕರವೂ ಆ ಮೌನದಲ್ಲಿದೆ ಎಂದು ನನಗೆ ತೋರುತ್ತದೆ. ಅತ್ತ ಆಚಾರ್ಯರೂ ಸುಮ್ಮನಿದ್ದಾರೆ. ಆ ರಾತ್ರಿ ಕಾಡಿನಲ್ಲಿ ನಡೆದುದನ್ನು ಅವರು ಅಗ್ರಹಾರಕ್ಕೆ ಹೇಳಬೇಕಿತ್ತು. ಅವರು ಹೇಳಿದ್ದರೆ ಊರೇ ಕಿವಿಗೊಡುತ್ತಿತ್ತು. ಒಂದೇ ರಾತ್ರಿಯಿಂದ ಹುಟ್ಟಿದ ಎರಡು ಮೌನಗಳು ಇವು. ಒಂದು ಕೆಲಸ ಮಾಡಿ ಮುಗಿಸಿತು. ಇನ್ನೊಂದು ದಾರಿಯುದ್ದಕ್ಕೂ ಬೆನ್ನುಹತ್ತಿತು.

ಇದೇ ಲೇಖಕರ ‘ಮೌನಿ’ ಎಂಬ ಕಥೆಯನ್ನೂ ನೀವು ಬಲ್ಲಿರಿ. 2003ರಲ್ಲಿ ಅದು ಚಲನಚಿತ್ರವೂ ಆಯಿತು. ಸಾಲದಲ್ಲಿ ಸೋತ ಕುಪ್ಪಣ್ಣಭಟ್ಟನ ಮೌನ, ಅವನ ಎದುರಾಳಿಗೆ ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ನಾಟುತ್ತದೆ. ಗೆದ್ದವನಿಗೂ ಸೋತವನ ಬಾಯಿಂದ ಒಂದು ಮಾತು ಬೇಕು. ಅದು ಸಿಗದಿದ್ದರೆ ಗೆಲುವು ಅಪೂರ್ಣ. ನನಗೆ ನಮ್ಮ ಗುಮಾಸ್ತನ ‘ನಮಸ್ಕಾರ ಸರ್’ ನೆನಪಾಗುತ್ತದೆ.

ಮೂರನೆಯ ಬಗೆ ಸ್ವಂತ ಇಚ್ಛೆಯಿಂದ ಆರಿಸಿಕೊಂಡ ಮೌನ. ಇದಕ್ಕೂ ಪುಣೆ ಮತ್ತು ಧಾರವಾಡಗಳನ್ನು ಕೂಡಿಸುವ ಒಬ್ಬ ದೊಡ್ಡ ಲೇಖಕರ ಉದಾಹರಣೆ ಇದೆ. ಮರಾಠಿಯ ಶ್ರೇಷ್ಠ ಕಥೆಗಾರ ಜಿ. ಎ. ಕುಲಕರ್ಣಿಯವರು ಬೆಳಗಾವಿ ಜಿಲ್ಲೆಯ ಎಕ್ಸಂಬದಲ್ಲಿ 1923ರಲ್ಲಿ ಹುಟ್ಟಿದರು. ಧಾರವಾಡದ ಕಾಲೇಜಿನಲ್ಲಿ ದೀರ್ಘಕಾಲ ಇಂಗ್ಲಿಷ್ ಕಲಿಸಿದರು. ಕೊನೆಗಾಲದಲ್ಲಿ ಪುಣೆಗೆ ಬಂದು, 1987ರ ಡಿಸೆಂಬರಿನಲ್ಲಿ ಇಲ್ಲಿಯೇ ತೀರಿಕೊಂಡರು. ನಾನು ಧಾರವಾಡದಲ್ಲಿ ಓದುವ ಹೊತ್ತಿಗೆ ಅವರಿರಲಿಲ್ಲ. ಅವರ ಬಗೆಗಿನ ದಂತಕಥೆಗಳಿದ್ದವು. ಸಭೆ, ಸನ್ಮಾನ, ಸಂದರ್ಶನಗಳಿಂದ ಅವರು ದೂರವಿದ್ದರು. ‘ಕಾಜಳಮಾಯಾ’ ಸಂಕಲನಕ್ಕೆ ಬಂದ 1973ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು, ವಿವಾದವೆದ್ದಾಗ ಹಿಂದಿರುಗಿಸಿಬಿಟ್ಟರು. ಇಂಥವರನ್ನು ಜನ ಮೌನಿ ಎನ್ನುತ್ತಾರೆ. ಆದರೆ ಅವರು ಸ್ನೇಹಿತರಿಗೆ ಬರೆದ ಪತ್ರಗಳು ಅವರು ತೀರಿಕೊಂಡ ಮೇಲೆ ಸಂಪುಟಗಳಾಗಿ ಬಂದವು. ಅವುಗಳಲ್ಲಿ ತುಂಬಿ ಹರಿಯುವ ಮಾತನ್ನು ಕಂಡವರು, ಈ ಮನುಷ್ಯ ಮೌನಿಯಾಗಿರಲಿಲ್ಲ, ಯಾರೊಡನೆ ಮಾತನಾಡಬೇಕೆಂಬುದನ್ನು ತಾನೇ ನಿರ್ಧರಿಸಿಕೊಂಡಿದ್ದ ಎಂದು ತಿಳಿಯುತ್ತಾರೆ.

ಈ ಬಗೆಯ ಮೌನಕ್ಕೆ ನಮ್ಮ ಸಂವಿಧಾನದ ಆಸರೆಯೂ ಇದೆ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಿದರು. ರಾಷ್ಟ್ರಗೀತೆಯ ಹೊತ್ತಿನಲ್ಲಿ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು; ತಮ್ಮ ಮತದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಕ್ಕಳ ಪರವಾಗಿ ತೀರ್ಪಿತ್ತಿತು. ಅವರನ್ನು ಹೊರಹಾಕಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೂ ಧಾರ್ಮಿಕ ಸ್ವಾತಂತ್ರ್ಯಕ್ಕೂ ವಿರುದ್ಧವೆಂದು ಹೇಳಿತು. ಗಮನಿಸಿ: ಆ ಮಕ್ಕಳ ಮೌನವನ್ನು ಶಾಲೆ ಅಗೌರವವೆಂದು ಓದಿತ್ತು. ನ್ಯಾಯಾಲಯ ಅವರು ನಿಂತ ಭಂಗಿಯನ್ನೂ ನೋಡಿತು. ಮೌನವನ್ನು ಓದುವಾಗ ಸುತ್ತಲಿನದನ್ನೂ ನೋಡಬೇಕೆಂಬ ಪಾಠ ಆ ತೀರ್ಪಿನಲ್ಲಿದೆ.

ಇಲ್ಲಿಯವರೆಗೆ ಮೌನವನ್ನು ಮೂರು ಬಗೆಯಾಗಿ ವಿಂಗಡಿಸಿ, ಲೆಕ್ಕದ ಪುಸ್ತಕದಲ್ಲಿ ಕಲಂ ಎಳೆದಂತೆ ಇಟ್ಟೆ. ನಿಜಜೀವನದಲ್ಲಿ ಯಾವ ಮೌನ ಯಾವ ಕಲಮಿಗೆ ಸೇರುತ್ತದೆಂಬುದು ಸುಲಭವಾಗಿ ತಿಳಿಯುವುದಿಲ್ಲ. ಅದನ್ನು ನಾನು ಕಲಿತದ್ದು ನನ್ನ ಮನೆಯಲ್ಲಿ, ತಡವಾಗಿ ಕಲಿತೆ.

ತಂದೆಯವರು ತೀರಿಕೊಂಡ ಮೇಲೆ ಅವ್ವನನ್ನು ಹಳ್ಳಿಯಿಂದ ಇಲ್ಲಿಗೆ ಕರೆತಂದೆ. ಮೂರನೆಯ ಮಹಡಿಯ ಮನೆ. ನನ್ನ ಹೆಂಡತಿ ಸೊಲ್ಲಾಪುರದವಳು. ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಅವಳಿಗೂ ನೌಕರಿ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ. ಅವ್ವ ಊರಿನಲ್ಲಿ ಹೆಸರಾದ ಮಾತುಗಾರ್ತಿ; ಬೀಸುವ ಕಲ್ಲಿನ ಹಾಡು, ಒಗಟು, ಗಾದೆಗಳ ಕಣಜ. ಇಲ್ಲಿಗೆ ಬಂದ ಒಂದು ವರ್ಷದಲ್ಲಿ ಅವಳು ಮೆತ್ತಗಾದಳು. ಉಂಡಳು, ಕುಂತಳು, ದೇವರ ಮುಂದೆ ದೀಪ ಹಚ್ಚಿದಳು. ಯಾವುದಕ್ಕೂ ತಕರಾರಿಲ್ಲ, ಬೇಡಿಕೆಯಿಲ್ಲ. ಮನೆಗೆ ಬಂದವರಿಗೆಲ್ಲ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ: ‘ಅವ್ವ ಇಲ್ಲಿಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ. ಒಂದು ಮಾತೂ ಇಲ್ಲ.’

ಆ ಕಾಲಕ್ಕೆ ನಮ್ಮ ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಪುಣೆಯ ಕಟ್ಟಡಗಳನ್ನು ಕಟ್ಟುವ ಕೈಗಳಲ್ಲಿ ನಮ್ಮ ಕಲಬುರಗಿ, ವಿಜಯಪುರ ಜಿಲ್ಲೆಗಳ ಕೈಗಳು ಎಷ್ಟಿವೆಯೆಂದು ನಿಮಗೆ ಗೊತ್ತು. ಒಂದು ಶನಿವಾರ ನಾನು ಮಧ್ಯಾಹ್ನವೇ ಮನೆಗೆ ಬಂದೆ. ಒಂದರಿಂದ ನಾಲ್ಕರವರೆಗಿನ ಪುಣೆಯ ನಿದ್ದೆ ಪ್ರಸಿದ್ಧವಾದದ್ದು, ಬೀದಿಯೆಲ್ಲ ಸ್ತಬ್ಧ. ಮೆಟ್ಟಿಲ ಬುಡದಲ್ಲಿ, ನೀರಿನ ಟಾಕಿಯ ನೆರಳಿನಲ್ಲಿ ಯಾರೋ ಹೆಂಗಸು ಜೋರಾಗಿ ನಕ್ಕು ಮಾತನಾಡುವುದು ಕೇಳಿಸಿತು. ಗಟ್ಟಿಯಾದ, ತುಂಬಿದ, ಹರೆಯದವರ ಧ್ವನಿಯಂಥ ಧ್ವನಿ. ಯಾರಿರಬಹುದೆಂದು ಬಗ್ಗಿ ನೋಡಿದೆ. ನನ್ನ ಅವ್ವ. ಎದುರಿಗೆ ಬುಟ್ಟಿಯನ್ನು ಬೋರಲು ಹಾಕಿ ಕುಳಿತ ಇಬ್ಬರು ಕೂಲಿ ಹೆಣ್ಣುಮಕ್ಕಳು, ರೊಟ್ಟಿ ತಿನ್ನುತ್ತ, ಅವಳು ಹೇಳುತ್ತಿದ್ದ ಯಾವುದೋ ಕಥೆಗೆ ಬಿದ್ದುಬಿದ್ದು ನಗುತ್ತಿದ್ದರು. ಹಲವು ತಿಂಗಳಿಂದ ದಿನಾ ಮಧ್ಯಾಹ್ನ ಅವಳು ಮೂರು ಮಹಡಿ ಇಳಿದು ಬರುತ್ತಿದ್ದಳಂತೆ. ಒಂಬತ್ತು ತಿಂಗಳು ಹೊತ್ತವಳ ಧ್ವನಿಯನ್ನು ನಾನು ಗುರುತಿಸಲಿಲ್ಲ, ಬಂಧುಗಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡ ಮುಗಿಯಿತು. ಆ ಹೆಣ್ಣುಮಕ್ಕಳು ಬೇರೆ ಕೆಲಸಕ್ಕೆ ಹೋದರು. ಅವ್ವ ಮತ್ತೆ ಮೆತ್ತಗಾದಳು. ಒಂದು ರಾತ್ರಿ ಅವಳ ಬಳಿ ಕುಳಿತು, ‘ಅವ್ವಾ, ಮನ್ಯಾಗ ಯಾಕ ನೀ ಮಾತಾಡೂದಿಲ್ಲ?’ ಎಂದು ಕೇಳಿದೆ. ಅವಳು ಬೇಸರವಿಲ್ಲದೆ ಹೇಳಿದಳು: ‘ಯಾರ ಕೂಡ ಮಾತಾಡ್ಲಿ ತಮ್ಮಾ? ನೀ ಬಂದವನ ಪೇಪರ್ ಹಿಡಿತಿ. ಹುಡುಗ್ರು ನಾ ಏನಂದ್ರೂ ನಿನ್ನ ಮಾರಿ ನೋಡ್ತಾವ.’

ಅವಳು ಹೇಳಿದ್ದು ನಿಜ. ಅಜ್ಜಿ ಏನಾದರೂ ಹೇಳಿದರೆ ಮಕ್ಕಳು ಅರ್ಥಕ್ಕಾಗಿ ನನ್ನ ಮುಖ ನೋಡುತ್ತಿದ್ದರು. ನಾನು ಪತ್ರಿಕೆಯಿಂದ ಕಣ್ಣೆತ್ತದೆಯೇ ಮರಾಠಿಯಲ್ಲಿ ಅರ್ಧ ಹೇಳಿ ಬಿಡುತ್ತಿದ್ದೆ. ಕಥೆ, ಒಗಟು, ಗಾದೆ ಎಲ್ಲವೂ ಆ ಅರ್ಧದಲ್ಲಿ ಸೋರಿಹೋಗುತ್ತಿದ್ದವು. ಹೀಗೆ ಕೆಲವು ಸಲ ಆದ ಮೇಲೆ ಅವಳು ನಿಲ್ಲಿಸಿದಳು. ಬೇಣಾರೆಯ ಮುಂದೆ ಸ್ತಬ್ಧರಾಗಿ ನಿಂತ ಆ ಪಾತ್ರಗಳಿಗಿಂತ ನನ್ನ ಮನೆ ಎಷ್ಟು ಭಿನ್ನವಾಗಿತ್ತು? ಚಂದ್ರಿಯ ಮೌನವನ್ನು ಪುಸ್ತಕದಲ್ಲಿ ಓದಬಲ್ಲ ನಾನು, ಊಟದ ಮನೆಯ ಮೌನವನ್ನು ಸಮ್ಮತಿಯೆಂದು ಓದಿದೆ. ಅವ್ವ ಅದಾದ ಮೂರು ವರ್ಷಕ್ಕೆ ತೀರಿಕೊಂಡಳು. ಆ ಮೂರು ವರ್ಷ ರಾತ್ರಿ ಊಟದ ನಂತರ ನಾನ್ನೂ ಅವಳೂ ಅರ್ಧ ಗಂಟೆ ಮಾತನಾಡಿದೆವು. ಅಷ್ಟು ಮಾತ್ರ ನನ್ನ ಸಮಾಧಾನ. ಅವಳು ಹೇಳಿದ ಒಗಟುಗಳಲ್ಲಿ ಹನ್ನೊಂದನ್ನು ನನ್ನ ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಲಿಪಿ ದೇವನಾಗರಿ, ಭಾಷೆ ಕನ್ನಡ.

ಹೊರನಾಡಿನ ಕನ್ನಡ ಎಂದು ನಾವು ಈ ವೇದಿಕೆಯಿಂದ ಎಷ್ಟೋ ಸಲ ಮಾತನಾಡಿದ್ದೇವೆ. ಶಾಲೆ ಬೇಕು, ಗ್ರಂಥಾಲಯ ಬೇಕು, ಸರ್ಕಾರದ ಅನುದಾನ ಬೇಕು ಎಂದಿದ್ದೇವೆ. ಎಲ್ಲವೂ ಬೇಕಾದವೇ. ಆದರೆ ನಮ್ಮ ಭಾಷೆ ಈ ಊರಿನಲ್ಲಿ ನಿಲ್ಲುವುದು ಯಾರೋ ನಿಷೇಧಿಸಿದ್ದರಿಂದಲ್ಲ. ಮನೆಯ ಹಿರಿಯರು ಒಂದೊಂದೇ ಮಾತನ್ನು ನುಂಗಿಕೊಳ್ಳುವಾಗ, ನಾವು ಅದನ್ನು ಸಮಾಧಾನವೆಂದು ತಿಳಿದದ್ದರಿಂದ. ಕಶ್ಯಪನ ಪಾಲುಪಟ್ಟಿಯಲ್ಲಿ ಇದರ ದೊಡ್ಡ ಪಾಲು ಮನೆಯ ಯಜಮಾನನೆನಿಸಿಕೊಂಡವನಿಗೆ ಬರುತ್ತದೆ. ನನ್ನ ಪಾಲನ್ನು ನಾನು ಒಪ್ಪಿಕೊಂಡಿದ್ದೇನೆ.

ಕೊನೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ಮುಂದಿನ ತಿಂಗಳುಗಳಲ್ಲಿ ಒಂದು ಗೋಷ್ಠಿಯನ್ನು ಉಪನ್ಯಾಸವಿಲ್ಲದೆ ನಡೆಸೋಣ. ಸದಸ್ಯರೆಲ್ಲರೂ ಮನೆಯಲ್ಲಿರುವ ತಾಯಿ, ತಂದೆ, ಅತ್ತೆ, ಮಾವಂದಿರನ್ನು ಕರೆತರಲಿ. ನಮ್ಮ ಸುತ್ತಮುತ್ತ ಕಟ್ಟಡದ ಕೆಲಸದಲ್ಲಿರುವ ಕನ್ನಡದ ಹೆಣ್ಣುಮಕ್ಕಳನ್ನೂ ಕರೆಯೋಣ. ಧ್ವನಿವರ್ಧಕ ಅವರ ಕೈಯಲ್ಲಿರಲಿ. ಅವರು ಏನು ಬೇಕಾದರೂ ಹೇಳಲಿ, ಎಷ್ಟು ಹೊತ್ತು ಬೇಕಾದರೂ ಹೇಳಲಿ, ಸುಮ್ಮನಿರಬೇಕೆನಿಸಿದರೆ ಸುಮ್ಮನಿರಲಿ. ಅಂದು ಕೇಳುವ ಸರದಿ ನಮ್ಮದು.

ಇಷ್ಟು ಹೊತ್ತು ಶಾಂತವಾಗಿ ಕೇಳಿದಿರಿ. ಈ ಶಾಂತಿಯನ್ನು ನಾನು ಸಮ್ಮತಿಯೆಂದು ತಿಳಿಯುವುದಿಲ್ಲ. ಒಪ್ಪದವರು ದಯವಿಟ್ಟು ಈಗಲೇ ಎದ್ದು ಹೇಳಬೇಕು.